ಗೂಡಿನಲ್ಲಿಟ್ಟ ಫೋನು

ಕೇಳುಗರಿಗೆ ನಮಸ್ಕಾರ.

ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಸೋದರತ್ತೆಯ ಮನೆ. ರೇಷ್ಮೆ ಸಾಕುವವರು. ಹಿಪ್ಪುನೇರಳೆ ಸೊಪ್ಪು ಕೊಯ್ದ ಅಂಟುಗೈಗೆ ಸ್ಮಾರ್ಟ್‌ಫೋನಿನ ಗಾಜು ಒಲಿಯಲೇ ಇಲ್ಲ. ಅದಕ್ಕೇ ಸಿಮ್ ಹಾಕುವ ಟೇಬಲ್ ಫೋನ್ ತಂದುಕೊಟ್ಟೆ. ದಪ್ಪ ಗುಂಡಿ, ಕಿವಿಗೆ ಹಿಡಿಯಲು ರಿಸೀವರ್, ನೋಡಲು ಥೇಟ್ ಹಳೇ ಲ್ಯಾಂಡ್‌ಲೈನು. ನಾವು ಎಡವಿದ್ದೂ ಅಲ್ಲೇ.

ಹಳೇ ಫೋನ್ ಇದ್ದ ಗೋಡೆಗೂಡಿನಲ್ಲೇ ಇದನ್ನೂ ಕೂರಿಸಿದೆ. ನಮ್ಮ ಕಡೆ ಚಪ್ಪಡಿಕಲ್ಲಿನ ಮನೆ ಗೊತ್ತಲ್ಲ, ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು. ಸಿಗ್ನಲ್ ಒಂದೇ ಕಡ್ಡಿ. ರೇಷ್ಮೆಗೂಡಿನ ದರ ಕೇಳೋಣವೆಂದು ಮಾರುಕಟ್ಟೆಗೆ ಫೋನ್ ಮಾಡಿದರೆ, ಈ ಗೂಡಿನ ಫೋನು ದರ ಹೇಳುವ ಹೊತ್ತಿಗೇ ಕಟ್. ಆಮೇಲೆ ಬುದ್ಧಿ ಬಂತು. ಚಾರ್ಜರ್ ಕಿತ್ತು, ಬ್ಯಾಟರಿಯ ಮೇಲೇ ಸೆಟ್ಟನ್ನು ಮಗುವಿನ ಹಾಗೆ ಎತ್ತಿಕೊಂಡು ಮನೆಯೆಲ್ಲ ತಿರುಗಿದೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಕಡ್ಡಿ ಎಣಿಸಿದೆ. ಬೀದಿ ಕಡೆಯ ಕಿಟಕಿಯ ಪಕ್ಕ ನಾಲ್ಕು ಕಡ್ಡಿ ಬಂತು. ಆಂಟೆನಾ ನೆಟ್ಟಗೆ ನಿಲ್ಲಿಸಿ ಅಲ್ಲೇ ಇಟ್ಟೆವು. ಕಬ್ಬಿಣದ ಬೀರು, ತಗಡಿನ ಶೀಟು, ಫ್ರಿಜ್ಜು, ಇವುಗಳ ಮರೆಯಲ್ಲಿ ಇಡಬೇಡಿ.

ಇನ್ನು ಕರೆಂಟಿನ ಮಾತು. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಂತಿಯಲ್ಲೇ ಸುಮಾರು 48 ವೋಲ್ಟ್ ಬರುತ್ತಿತ್ತು. ಊರಿಗೆಲ್ಲ ಕರೆಂಟ್ ಹೋದರೂ ಫೋನ್ ಹೋಗುತ್ತಿರಲಿಲ್ಲ. ಇದು ಹಾಗಲ್ಲ. ಲ್ಯಾಂಡ್‌ಲೈನಿನ ಅಂಗಿ ತೊಟ್ಟ ಮೊಬೈಲು ಇದು. ಎಷ್ಟೋ ಸೆಟ್ಟುಗಳ ತಳದಲ್ಲಿ ಬ್ಯಾಟರಿಗೆಂದೇ ಒಂದು ಪುಟ್ಟ ಸ್ವಿಚ್ ಇರುತ್ತದೆ. ಫೋನು ಇನ್ನೂ ಗೋಡೆಗೂಡಿನಲ್ಲಿದ್ದಾಗ ಅದನ್ನು ನಾನು ನೋಡಿರಲೇ ಇಲ್ಲ, ಆನ್ ಮಾಡಿರಲೂ ಇಲ್ಲ. ಮೊದಲ ಮಳೆಯ ರಾತ್ರಿ ಕರೆಂಟ್ ಹೋಯಿತು, ಜೊತೆಗೇ ಫೋನೂ ಸತ್ತಿತು. ಹೊಸ ಸೆಟ್ ತಂದ ದಿನವೇ ಪೂರ್ತಿ ಚಾರ್ಜ್ ಮಾಡಿ, ಪ್ಲಗ್ ಕಿತ್ತು, ಒಂದು ಕರೆ ಮಾಡಿ ನೋಡಿ.

ಕೊಳ್ಳುವ ಮುಂಚೆ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: ಇದು 2ಜಿ ಸೆಟ್ಟೋ, 4ಜಿ ಸೆಟ್ಟೋ? ಜಿಯೋ ಕಂಪನಿಯ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ, 2ಜಿ ಸೆಟ್ಟಿಗೆ ಆ ಸಿಮ್ ಹಾಕಿ ಪ್ರಯೋಜನವಿಲ್ಲ. ಸಿಮ್ ಹಾಕುವಾಗ ಸೆಟ್ ಆಫ್ ಇರಲಿ. ಪಿನ್ ಕೇಳಿದರೆ ಊಹಿಸಬೇಡಿ. ಮೂರು ಸಲ ತಪ್ಪಿದರೆ ಬೀಗ, ಆಮೇಲೆ ಆ ಬೀಗ ತೆಗೆಯುವ ಪಿಯುಕೆ ಸಂಖ್ಯೆ ಬೇಕು. ಅದನ್ನೂ ಹತ್ತು ಸಲ ತಪ್ಪಿದರೆ ಹೊಸ ಸಿಮ್ಮೇ ಗತಿ. ರೀಚಾರ್ಜ್ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಅಂದ ಹಾಗೆ, ನೀವು ಈಗ ಕೇಳುತ್ತಿರುವ ರೇಡಿಯೋದ ಪಕ್ಕದಲ್ಲೇ 2ಜಿ ಫೋನ್ ಇದ್ದರೆ, ಕರೆ ಬರುವ ಮುಂಚೆ ಟರ್ ಟರ್ ಟರ್ ಅನ್ನುವ ಸದ್ದು ಬರಬಹುದು. ರೇಡಿಯೋ ಕೆಟ್ಟಿಲ್ಲ. ಫೋನು ಸೆಕೆಂಡಿಗೆ ಸುಮಾರು 217 ಸಲ ಮಿಡಿದು ಟವರಿನೊಂದಿಗೆ ಮಾತಾಡುತ್ತದೆ, ಆ ಮಿಡಿತವೇ ಸ್ಪೀಕರಿನಲ್ಲಿ ಕೇಳುವುದು. ಎರಡನ್ನೂ ಸ್ವಲ್ಪ ದೂರ ಇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಫೋನನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರದಲ್ಲಿ ಬಳಸಬೇಕು.

ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜರನ್ನು ಗೋಡೆಯಿಂದ ಕಿತ್ತುಬಿಡಿ. ಸೆಟ್ ಬ್ಯಾಟರಿಯಲ್ಲಿ ನಡೆಯುತ್ತದೆ. ಅದಕ್ಕೆಂದೇ ಕೊಟ್ಟ ಚಾರ್ಜರ್ ಬಿಟ್ಟು ಬೇರೆಯದು ಬೇಡ. ಬ್ಯಾಟರಿ ಪೂರಿಯ ಹಾಗೆ ಉಬ್ಬಿದ್ದರೆ ಆ ದಿನವೇ ಬದಲಾಯಿಸಿ. ಅದನ್ನು ಚುಚ್ಚಬಾರದು, ಒಲೆಗೂ ಹಾಕಬಾರದು.

ಕೊನೆಗೊಂದು ವಿಷಯ. ಹಳೇ ಲ್ಯಾಂಡ್‌ಲೈನಿಗೆ ಒಂದು ವಿಳಾಸ ಇತ್ತು. ಈ ಸೆಟ್ಟಿನಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದಾಗ ಯಾವ ಟವರಿನ ಆಸುಪಾಸು ಎಂದು ಗೊತ್ತಾದೀತು, ಯಾವ ಮನೆ ಎಂದು ನೀವೇ ಹೇಳಬೇಕು. ಗಾಬರಿಯಲ್ಲಿ ಬಾಯಿಗೆ ಬರುವುದಿಲ್ಲ. ಹಾಗಾಗಿ ದಾರಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಮೇಲುಗಡೆ ಅಂಟಿಸಿ. ಅತ್ತೆ ಹೇಳಿದರು, ನಾನು ಬರೆದೆ: ಅರಳಿಕಟ್ಟೆ ದಾಟಿ, ನೀರಿನ ಟ್ಯಾಂಕಿನ ಎಡಕ್ಕೆ, ಮುಂದೆ ಹುಳುಮನೆ ಇರುವ ಮನೆ. ಅಷ್ಟಕ್ಕೆ ಅವರಿಗೆ ಸಮಾಧಾನವಾಗಲಿಲ್ಲ. ಇನ್ನೊಂದು ಸಾಲು ಬರೆಸಿದರು: ನಾಯಿ ಬೊಗಳುತ್ತೆ, ಕಚ್ಚಲ್ಲ.

ನಮಸ್ಕಾರ.