ಶಬ್ದದ ಪಾಠ ನಡೀತಿದೆ, ಸದ್ದು ಮಾಡಬೇಡಿ

(ಖಾಲಿ ಕೊಡಕ್ಕೆ ನಲ್ಲಿ ನೀರು ಬೀಳುವ ಸದ್ದು. ಹದಿನೈದು ಸೆಕೆಂಡು ಹಾಗೇ ಬಿಡುವುದು.)

ಕೇಳಿಸ್ತಾ? ಮೊದಲು ಗೊಳಗೊಳ ಅಂತ ದಪ್ಪ ದನಿ. ಬರ್ತಾ ಬರ್ತಾ ಸಣ್ಣಗಾಗಿ ಮೇಲೇರ್ತಾ ಹೋಯ್ತು. ನಮ್ಮಮ್ಮ ಒಲೆ ಮುಂದೆ ಒಗ್ಗರಣೆ ಹಾಕ್ತಾ ಇರೋರು, ಕೊಡ ಹಿತ್ತಲಲ್ಲಿ. ಬೆನ್ನು ತಿರುಗಿಸಿಕೊಂಡೇ "ಕೊಡ ತುಂಬ್ತು, ನಲ್ಲಿ ನಿಲ್ಸೋ" ಅಂತ ಕೂಗೋರು. ಓಡಿ ಹೋಗಿ ನೋಡಿದ್ರೆ ಕಂಠದವರೆಗೆ ನೀರು. ಕೊಡ ತುಂಬಿದ ಹಾಗೆ ಒಳಗೆ ಗಾಳಿಗೆ ಉಳಿಯೋ ಜಾಗ ಗಿಡ್ಡ ಆಗುತ್ತೆ. ಜಾಗ ಗಿಡ್ಡ ಆದಷ್ಟೂ ಆ ಗಾಳಿ ಬೇಗಬೇಗ ನಡುಗುತ್ತೆ, ದನಿ ಏರುತ್ತೆ. ಅಮ್ಮನಿಗೆ ಈ ಕಾರಣ ಗೊತ್ತಿರಲಿಲ್ಲ. ಅವರ ಕಿವಿಗೆ ಗೊತ್ತಿತ್ತು.

ಹೋದ ವಾರ ಅಕ್ಕನ ಮಗಳು ಉರು ಹೊಡೀತಾ ಕೂತಿದ್ಲು. ಐದನೇ ಕ್ಲಾಸು. "ವಸ್ತುಗಳ ಕಂಪನದಿಂದ ಶಬ್ದ ಉಂಟಾಗುತ್ತದೆ, ವಸ್ತುಗಳ ಕಂಪನದಿಂದ ಶಬ್ದ ಉಂಟಾಗುತ್ತದೆ..." ಕಂಪನ ಅಂದ್ರೇನು ಪುಟ್ಟಿ ಅಂದೆ. "ಶಬ್ದ ಉಂಟು ಮಾಡೋದು ಮಾಮ" ಅಂದ್ಲು. ಸರಿ, ಗಂಟಲ ಮೇಲೆ ಕೈ ಇಟ್ಕೊಂಡು ಅದನ್ನೇ ಇನ್ನೊಂದ್ಸಲ ಹೇಳು ಅಂದೆ. ಅರ್ಧ ವಾಕ್ಯಕ್ಕೇ ನಿಲ್ಲಿಸಿದ್ಲು. "ಮಾಮ, ಗುರ್ ಅಂತಿದೆ!"

ನೀವೂ ಮಾಡಿ ನೋಡಿ, ಈಗಲೇ. ಮ್ಮ್ಮ್ ಅನ್ನಿ, ಗಂಟಲು ನಡುಗುತ್ತೆ. ಸ್ಸ್ಸ್ ಅನ್ನಿ, ಏನೂ ಇಲ್ಲ. ಅಲ್ಲಿ ಹಲ್ಲಿನ ಸಂದಿಯಲ್ಲಿ ಗಾಳಿ ನುಗ್ಗೋ ಸದ್ದು ಮಾತ್ರ. ಇಡೀ ಪಾಠ ಆ ಮಗುವಿನ ಗಂಟಲಲ್ಲೇ ಇತ್ತು. ಅಲ್ಲಿಗೆ ಯಾರೂ ಅವಳ ಕೈ ಇಡಿಸಿರಲಿಲ್ಲ, ಅಷ್ಟೆ.

ನನ್ನ ಕಥೆಯೂ ಅದೇ. ನಾವು ಶಬ್ದದ ಪಾಠ ಕಲಿತದ್ದು ಬಾಯಿ ಮೇಲೆ ಬೆರಳಿಟ್ಟುಕೊಂಡು. ಶಾಲೆಯಲ್ಲಿ ಶ್ರುತಿಕವೆ, ಅಂದ್ರೆ ಬಡಿದ್ರೆ ಒಂದೇ ದನಿ ಹೊರಡಿಸೋ ಟ್ಯೂನಿಂಗ್ ಫೋರ್ಕ್, ಒಂದಿತ್ತು. ಬೀರುವಿನ ಗಾಜಿನ ಹಿಂದೆ, ಕೆಂಪು ಬಟ್ಟೆ ಮೇಲೆ, ಬೀಗ ಹಾಕಿ. ಅದು ಏನನ್ನುತ್ತೆ ಅಂತ ನಾನು ಕೇಳಿದ್ದು ಕಾಲೇಜಿಗೆ ಹೋದ ಮೇಲೆ.

ನಾನು ಹೇಳೋದು ಇಷ್ಟೇ: ಚಿಕ್ಕ ಮಕ್ಕಳಿಗೆ ಶಬ್ದದ ಪಾಠ ಮಾಡೋದಾದ್ರೆ ಮೊದಲು ಗಲಾಟೆ ಮಾಡೋಕೆ ಬಿಡಿ. ವ್ಯಾಖ್ಯಾನ ಕೊನೆಗೆ ಬರಲಿ.

ಮೇಷ್ಟ್ರುಗಳು ಬೈತೀರಿ, ಗೊತ್ತು. "ನಲವತ್ತು ಮಕ್ಕಳು, ಪಕ್ಕದಲ್ಲೇ ಏಳನೇ ಕ್ಲಾಸಿನ ಗಣಿತ, ನೀವು ಬಂದು ಒಂದು ದಿನ ನಿಂತು ನೋಡಿ." ನ್ಯಾಯವಾದ ಮಾತು. ಆದ್ರೆ ಇದೇ ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯ್ತು. ಒಂದರಿಂದ ಮೂರನೇ ತರಗತಿವರೆಗೆ ಹಾಡು, ಕುಣಿತ, ಕಾರ್ಡು, ಎಲ್ಲವೂ ನಡೆಯುತ್ತೆ. ನಾಲ್ಕಕ್ಕೆ ಕಾಲಿಟ್ಟ ತಕ್ಷಣ ಕೈ ಕಟ್ಟಿ, ಬಾಯಿ ಮುಚ್ಚಿ. ಶಬ್ದದ ಪಾಠ ಬರೋದೇ ಈ ಬಾಯಿ ಮುಚ್ಚಿಸಿದ ಮೇಲೆ! ಒಂದು ಪೀರಿಯಡ್ಡು ಮೈದಾನಕ್ಕೆ ಕರ್ಕೊಂಡು ಹೋಗಿ, ಸಾಕು.

ಮೈದಾನ ಅಂದ್ರೆ ನೆನಪಾಯ್ತು. ಶಬ್ದ ಅಂದ್ರೆ ಬಾಯಿಂದ ಗಾಳಿ ಹೊರಟು ಕಿವಿಗೆ ಬಂದು ಸೇರೋದು ಅಂತ ದೊಡ್ಡವರೂ ನಂಬಿದ್ದಾರೆ. ಪ್ರಾರ್ಥನೆ ಸಾಲಲ್ಲಿ ಹಿಂದಿನವನು ದೂಡ್ತಾನೆ, ದೂಡು ದಾಟಿಕೊಂಡು ಹೋಗಿ ಮುಂದೆ ನಿಂತವನು ಮುಗ್ಗರಿಸ್ತಾನೆ. ದೂಡಿದವನು ಇದ್ದಲ್ಲೇ ಇದ್ದಾನೆ, ಏನೂ ಅರಿಯದವನ ಹಾಗೆ. ಗಾಳಿಯೂ ಹೀಗೇ: ದೂಡು ಸಾಗುತ್ತೆ, ಗಾಳಿಯ ಕಣ ಅಲ್ಲಲ್ಲೇ ಓಲಾಡುತ್ತೆ. ಆ ದೂಡು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ಮಿಂಚು ಕಂಡ ಮೇಲೆ ಗುಡುಗಿಗೆ ಮೂರು ಎಣಿಸಿದ್ರೆ ಸಿಡಿಲು ಒಂದು ಕಿಲೋಮೀಟರ್ ದೂರ ಅನ್ನೋ ಲೆಕ್ಕ ಇದರಿಂದಲೇ ಬಂದದ್ದು.

ನನಗೆ ಹೊಟ್ಟೆ ಉರಿಯೋ ವಿಷಯ ಇನ್ನೊಂದಿದೆ. ಕನ್ನಡ ಪೀರಿಯಡ್ಡಲ್ಲಿ ಅನುಕರಣಾವ್ಯಯ ಅಂತ ಕಲಿಸ್ತಾರೆ. ಠಣ್, ದಬ್, ಚಟಪಟ, ಜುಳುಜುಳು. ಮುಂದಿನ ಪೀರಿಯಡ್ಡು ವಿಜ್ಞಾನ. ಇವೆರಡೂ ಒಂದನ್ನೊಂದು ಮಾತಾಡಿಸೋದೇ ಇಲ್ಲ. ಸಂತೆಯಲ್ಲಿ ಮಡಕೆ ಕೊಳ್ಳೋ ಅಜ್ಜಿ ಬೆರಳು ಮಡಚಿ ಬಡಿದು ನೋಡ್ತಾಳೆ. ಠಣ್ ಅಂದ್ರೆ ದುಡ್ಡು ಕೊಡ್ತಾಳೆ, ಬದ್ ಅಂದ್ರೆ ಬಿರುಕಿದೆ ಅಂತ ಪಕ್ಕಕ್ಕಿಡ್ತಾಳೆ. ಬಿರುಕು ನಡುಕವನ್ನು ನಿಲ್ಲಿಸಿಬಿಡುತ್ತೆ. ಆ ಎರಡು ಪದಗಳಲ್ಲೇ ಒಂದು ಪಾಠ ಇದೆ.

ಆದ್ರೆ ನಮ್ಮ ಮಾತೇ ಮಕ್ಕಳನ್ನ ಒಂದು ಕಡೆ ದಾರಿ ತಪ್ಪಿಸುತ್ತೆ. "ದನಿ ಏರಿಸಬೇಡ" ಅಂದ್ರೆ ಜೋರು ಮಾಡಬೇಡ ಅಂತ ಅರ್ಥ. ವಿಜ್ಞಾನದಲ್ಲಿ ಏರೋದು ಬೇರೆ, ಜೋರು ಬೇರೆ. ಸೊಳ್ಳೆ ದನಿ ಏರು, ಜೋರಲ್ಲ. ಸೆಕೆಂಡಿಗೆ ನೂರಾರು ಸಲ ರೆಕ್ಕೆ ಬಡಿಯುತ್ತೆ. ಎಮ್ಮೆ ದನಿ ಜೋರು, ಏರಲ್ಲ. ಇದನ್ನ ಹೇಳಿದ್ರೆ ಆವೃತ್ತಿ (ಸೆಕೆಂಡಿಗೆ ಎಷ್ಟು ಸಲ ನಡುಗುತ್ತೆ), ಪಾರ (ಎಷ್ಟು ದೊಡ್ಡದಾಗಿ ನಡುಗುತ್ತೆ) ಅನ್ನೋ ಪದಗಳು ಆಮೇಲೆ ತಾವಾಗೇ ಕೂರುತ್ತವೆ.

ಶಬ್ದ ಅಂದ ಕೂಡಲೇ ಎಲ್ಲರೂ ವಿಜಯಪುರದ ಗೋಲಗುಂಬಜಕ್ಕೆ ಓಡ್ತಾರೆ. ಚೆನ್ನಾಗಿದೆ, ಹೋಗಿ ಬನ್ನಿ. ನನಗೆ ಎರಡು ಗಾಜಿನ ಬಾಟ್ಲಿ ಸಾಕು.

(ಬಾಟಲಿಗೆ ಚಮಚದಿಂದ ಬಡಿಯುವ ಸದ್ದು, ಎರಡು ಸಲ.)

ಮೊದಲನೆಯದರಲ್ಲಿ ನೀರು ಕಾಲು ಭಾಗ, ಎರಡನೆಯದರಲ್ಲಿ ಮುಕ್ಕಾಲು. ನೀರು ಜಾಸ್ತಿ ಇರೋದೇ ದಪ್ಪ ದನಿ ಕೊಡ್ತು. ಈಗ ಬಾಯಿಗೆ ತುಟಿ ಆನಿಸಿ ಊದ್ತೀನಿ.

(ಊದುವ ಸದ್ದು, ಎರಡು ಸಲ.)

ಉಲ್ಟಾ ಆಯ್ತು! ನೀರು ಜಾಸ್ತಿ ಇರೋದೇ ಸಣ್ಣ ದನಿ. ಬಡಿದಾಗ ನಡುಗೋದು ಗಾಜು. ನೀರಿನ ಭಾರ ಹೊತ್ತು ಅದು ನಿಧಾನ ಆಗುತ್ತೆ. ಊದಿದಾಗ ನಡುಗೋದು ಒಳಗಿನ ಗಾಳಿ. ಅದು ಅಮ್ಮನ ಕೊಡದ ಲೆಕ್ಕ. ಯಾವುದು ನಡುಗ್ತಿದೆ ಅಂತ ಮಗು ತಾನೇ ಕೇಳೋ ಹಾಗೆ ಮಾಡೋ ಪ್ರಯೋಗ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ.

ಈ ಭಾರದ ಗುಟ್ಟು ಮೃದಂಗದವರಿಗೆ ಯಾವತ್ತೋ ಗೊತ್ತು. ಕಛೇರಿಗೆ ಮುಂಚೆ ಎಡಗಡೆ ಚರ್ಮಕ್ಕೆ ರವೆ ಕಲಸಿ ಮೆತ್ತುತ್ತಾರೆ, ದನಿ ಕೆಳಗಿಳಿಯುತ್ತೆ. ಬಲಗಡೆ ಚರ್ಮದ ನಡುವೆ ಮೆತ್ತಿರೋ ಕಪ್ಪು ಬಿಲ್ಲೆ, ಅಂದ್ರೆ ಕರಣೆ, ಇನ್ನೂ ಜಾಣತನದ್ದು. ಬರೀ ಚರ್ಮ ಬಡಿದ್ರೆ ಹುಟ್ಟೋ ದನಿಗಳು ಒಂದಕ್ಕೊಂದು ಹೊಂದೋದಿಲ್ಲ. ಕರಣೆ ಬಿದ್ದರೆ ತಂತಿವಾದ್ಯದ ಹಾಗೆ ಶ್ರುತಿಗೆ ಕೂರುತ್ತವೆ. ಇದನ್ನ ಸಿ.ವಿ. ರಾಮನ್ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ್ರು, ಬೆಳಕಿನ ಕೆಲಸಕ್ಕೆ ನೊಬೆಲ್ ಬರೋಕೆ ಹತ್ತು ವರ್ಷ ಮೊದಲೇ. ಐದನೇ ಕ್ಲಾಸಿಗೆ ಕರಣೆಯ ಲೆಕ್ಕ ಬೇಡ. ರವೆ ಸಾಕು, ಅದು ಬಿಸಿಯೂಟದ ಕೋಣೆಯಲ್ಲೇ ಸಿಗುತ್ತೆ.

ಪುಟ್ಟಿ ಆವತ್ತು ಸಂಜೆ ಹಿತ್ತಲಲ್ಲಿ ಕಣ್ಣು ಮುಚ್ಚಿ ಕೂತ್ಲು. ನಾನು ನಲ್ಲಿ ತಿರುವಿದೆ. ಮೊದಲನೇ ಸಲ ತುಂಬಾ ಬೇಗ ಕೂಗಿದ್ಲು, ಅರ್ಧ ಕೊಡ. ಎರಡನೇ ಸಲ ನೀರು ತುಳುಕಿ ಅವಳ ಪಾದ ನೆನೆದ ಮೇಲೆ. ಮೂರನೇ ಸಲ "ಮಾಮ, ಈಗ!" ಅಂದಾಗ ಕಂಠಕ್ಕೆ ಎರಡು ಬೆರಳು ಬಾಕಿ ಇತ್ತು.