ಪಾಪ್-ಅಪ್ ಯಾಕೆ ಕೈ ಕೊಡುತ್ತದೆ? ಉದ್ರಿ ಆ್ಯಪ್ ರಿಪೇರಿಯ ಒಂದು ಭಾನುವಾರ

ನಮಸ್ಕಾರ. ಇವತ್ತು ಕ್ಯಾಮೆರಾ ನನ್ನ ಮುಖದ ಮೇಲಿಲ್ಲ, ಫೋನ್ ಮೇಲಿದೆ. ಇದು ನಾನು ಬಿಡುವಿದ್ದಾಗ ಬರೆಯುತ್ತಿರುವ ಉದ್ರಿ ಲೆಕ್ಕದ ಆ್ಯಪ್. ತಿಪಟೂರಿನಲ್ಲಿ ಚಿಕ್ಕಪ್ಪನ ಮಗನದು ಕಿರಾಣಿ ಅಂಗಡಿ, ಅಲ್ಲಿ ದಿನಾ ಬಳಕೆಯಲ್ಲಿದೆ. ಗಿರಾಕಿ ಬಾಕಿ ತೀರಿಸಿದರೆ ಅವರ ಹೆಸರನ್ನು ಒತ್ತಿ ಹಿಡಿಯಬೇಕು. ‘ಲೆಕ್ಕ ಅಳಿಸಲಾ?’ ಅಂತ ಒಂದು ಡೈಲಾಗ್, ಅಂದರೆ ಪಾಪ್-ಅಪ್ ಪೆಟ್ಟಿಗೆ, ಬರುತ್ತದೆ. ಬಂತು, ನೋಡಿ. ಈಗ ಫೋನನ್ನು ಅಡ್ಡ ತಿರುಗಿಸುತ್ತೇನೆ. ಡೈಲಾಗ್ ಮಾಯ.

ಅವನು ಫೋನ್ ಮಾಡಿ ಹೇಳಿದ ದೂರು ಇಷ್ಟೇ: ‘ಆ ಪೆಟ್ಟಿಗೆ ಒಂದೊಂದ್ಸಲ ಬರುತ್ತೆ, ಒಂದೊಂದ್ಸಲ ಬರಲ್ಲ, ಒಂದೊಂದ್ಸಲ ಆ್ಯಪೇ ಮುಚ್ಚಿಕೊಳ್ಳುತ್ತೆ.’ ಬಳಸುವವರು ಇದಕ್ಕಿಂತ ಜಾಸ್ತಿ ಹೇಳಬೇಕಾಗಿಯೂ ಇಲ್ಲ. ಉಳಿದದ್ದನ್ನು ಲಾಗ್‌ಕ್ಯಾಟ್, ಅಂದರೆ ಫೋನಿನ ಒಳಗೆ ನಡೆದದ್ದನ್ನು ಸಾಲುಸಾಲಾಗಿ ತೋರಿಸುವ ಸಾಧನ, ಹೇಳುತ್ತದೆ.

ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದ್ದೇನೆ. ಮತ್ತೆ ತಿರುಗಿಸುತ್ತೇನೆ. ಕೆಂಪು ಸಾಲುಗಳು ಬಂದವಲ್ಲ, ಅದರಲ್ಲಿ ‘ವಿಂಡೋ ಲೀಕ್ಡ್’ ಅಂತ ಇದೆ. ಆ್ಯಪ್ ಕ್ರ್ಯಾಶ್ ಆಗಲಿಲ್ಲ, ಹಾಗಾಗಿ ಜಾಸ್ತಿ ಜನ ಈ ಸಾಲನ್ನು ನೋಡುವುದೇ ಇಲ್ಲ. ಆದರೆ ಇವತ್ತಿನ ಅರ್ಧ ಕಥೆ ಇದರಲ್ಲೇ ಇದೆ.

ಆಂಡ್ರಾಯ್ಡ್‌ನಲ್ಲಿ ಫೋನ್ ತಿರುಗಿಸಿದರೆ ಪರದೆ ಸುಮ್ನೆ ಅಡ್ಡ ಆಗುವುದಿಲ್ಲ. ನಾವು ಬೇರೆ ಏನೂ ಹೇಳದಿದ್ದರೆ ಹಳೆಯ ಆ್ಯಕ್ಟಿವಿಟಿಯನ್ನು, ಅಂದರೆ ಆ್ಯಪಿನ ಆ ಒಂದು ಪರದೆಯನ್ನು, ಪೂರ್ತಿ ಕೆಡವಿ ಹೊಸದು ಕಟ್ಟುತ್ತದೆ. ಭಾಷೆ ಬದಲಿಸಿದರೂ ಹಾಗೆಯೇ. ನಮ್ಮ ಅಲರ್ಟ್ ಡೈಲಾಗ್ ಹಬ್ಬಿದ್ದದ್ದು ಆ ಹಳೆಯ ಆ್ಯಕ್ಟಿವಿಟಿಯ ಮೇಲೆ. ಚಪ್ಪರ ಕಿತ್ತ ಮೇಲೆ ಅವರೆಬಳ್ಳಿ ಎಲ್ಲಿ ನಿಲ್ಲುತ್ತದೆ? ಹಾಗಾಗಿ ಪಾಪ್-ಅಪ್ ಕೆಟ್ಟಾಗ ನಾನು ಪಾಪ್-ಅಪ್ಪಿನ ಕೋಡನ್ನು ಮೊದಲು ತೆರೆಯುವುದಿಲ್ಲ. ಇದರ ಯಜಮಾನ ಯಾರು, ಈ ಗಳಿಗೆಯಲ್ಲಿ ಅವನು ಜೀವಂತ ಇದ್ದಾನಾ ಅಂತ ಮೊದಲು ನೋಡುತ್ತೇನೆ.

ಇದೇ ಪ್ರಶ್ನೆಯನ್ನು ಆಂಡ್ರಾಯ್ಡ್ ನಮಗೇ ಕೇಳುವುದುಂಟು. ‘ಬ್ಯಾಡ್ ಟೋಕನ್ ಎಕ್ಸೆಪ್ಷನ್’ ಅಂತ ಬಂದಾಗ ಅದರ ಜೊತೆಗಿರುವ ಸಾಲನ್ನು ಪೂರ್ತಿ ಓದಿ. ವಿಂಡೋ ಸೇರಿಸಲು ಆಗಲಿಲ್ಲ, ನಿಮ್ಮ ಆ್ಯಕ್ಟಿವಿಟಿ ಓಡುತ್ತಿದೆಯಾ ಅಂತ ಕೇಳಿರುತ್ತದೆ. ಎರರ್ ಮೆಸೇಜ್ ಇಷ್ಟು ಮರ್ಯಾದೆಯಾಗಿ ವಿಚಾರಿಸುವುದು ಅಪರೂಪ! ಸಾಮಾನ್ಯವಾಗಿ ಇದಕ್ಕೆ ಎರಡು ಕಾರಣ. ಒಂದು, ಪರದೆ ಮುಚ್ಚಿದ ಮೇಲೆ ಡೈಲಾಗ್ ತೋರಿಸಲು ಹೋಗಿರುತ್ತೇವೆ. ಇನ್ನೊಂದು, ಡೈಲಾಗಿಗೆ ಯಜಮಾನನಾಗಿ ಆ್ಯಕ್ಟಿವಿಟಿಯ ಬದಲು ಅಪ್ಲಿಕೇಶನ್ ಕಾಂಟೆಕ್ಸ್ಟ್, ಅಂದರೆ ಇಡೀ ಆ್ಯಪನ್ನೇ, ಕೊಟ್ಟಿರುತ್ತೇವೆ. ಒಂದು ಕ್ಷಣ ಬಂದು ಹೋಗುವ ಪುಟ್ಟ ಸಂದೇಶ, ಟೋಸ್ಟ್, ಅದರಲ್ಲೇ ನಡೆಯುತ್ತದೆ, ಡೈಲಾಗ್ ಯಾಕೆ ನಡೆಯಬಾರದು ಅಂತ ಅನಿಸುವುದು ಸಹಜ. ಆದರೆ ಡೈಲಾಗಿಗೆ ಒಂದು ವಿಂಡೋ ಬೇಕು. ಅಪ್ಲಿಕೇಶನ್‌ಗೆ ಅಂಥ ವಿಂಡೋ ಇಲ್ಲ.

ತಿರುಗಿಸುವ ತೊಂದರೆಗೆ ಮದ್ದು ಡೈಲಾಗ್ ಫ್ರಾಗ್ಮೆಂಟ್, ಅಂದರೆ ಡೈಲಾಗನ್ನು ಪರದೆಯ ಒಂದು ಭಾಗವಾಗಿ (ಫ್ರಾಗ್ಮೆಂಟ್) ಹಿಡಿದಿಡುವ ವಿಧಾನ. ಇದು 2011ರ ಆಂಡ್ರಾಯ್ಡ್ 3.0 ಕಾಲದಿಂದಲೂ ಇದೆ. ಆ್ಯಕ್ಟಿವಿಟಿ ಮತ್ತೆ ಹುಟ್ಟಿದಾಗ ಫ್ರಾಗ್ಮೆಂಟ್ ಮ್ಯಾನೇಜರ್ ಇದನ್ನೂ ಮತ್ತೆ ಹುಟ್ಟಿಸುತ್ತದೆ. ಬದಲಿಸಿ ಓಡಿಸುತ್ತೇನೆ. ತಿರುಗಿಸಿದೆ. ಡೈಲಾಗ್ ನಿಂತಿದೆ. ಇಲ್ಲಿಗೆ ವಿಡಿಯೋ ಮುಗಿಸಿಬಿಡಬಹುದಿತ್ತು. ಆದರೆ ಈಗ ‘ಹೌದು’ ಒತ್ತುತ್ತೇನೆ. ಏನೂ ಆಗಲಿಲ್ಲ! ಡೈಲಾಗ್ ಮುಚ್ಚಿತು, ಲೆಕ್ಕ ಹಾಗೇ ಕುಳಿತಿದೆ. ಲಾಗ್‌ಕ್ಯಾಟ್‌ನಲ್ಲಿ ಒಂದು ಸಾಲೂ ಇಲ್ಲ.

ನನ್ನ ಪ್ರಕಾರ ಕ್ರ್ಯಾಶ್‌ಗಿಂತ ಕೆಟ್ಟದ್ದು ಇದು. ಕ್ರ್ಯಾಶ್ ಆದರೆ ಗೊತ್ತಾದರೂ ಆಗುತ್ತದೆ. ಇಲ್ಲಿ ಆಗಿದ್ದೇನು ಅಂದರೆ, ‘ಹೌದು’ ಒತ್ತಿದಾಗ ಏನು ಮಾಡಬೇಕು ಅನ್ನುವ ಲಿಸನರ್ ಅನ್ನು ಹಳೆಯ ಪರದೆ ಕೈಯಾರೆ ಕೊಟ್ಟಿತ್ತು. ಸಿಸ್ಟಮ್ ಹೊಸ ಫ್ರಾಗ್ಮೆಂಟ್ ಕಟ್ಟುವಾಗ ಒಳಗೆ ಏನೂ ಕೊಡದೆ ಕಟ್ಟುವ ಖಾಲಿ ಕನ್‌ಸ್ಟ್ರಕ್ಟರ್ ಕರೆಯುತ್ತದೆ, ಆರ್ಗ್ಯುಮೆಂಟ್ಸ್ ಬಂಡಲ್ ಅನ್ನುವ ಮಾಹಿತಿಯ ಗಂಟಿನಲ್ಲಿ ಇಟ್ಟದ್ದನ್ನು ಮತ್ತು ಉಳಿಸಿಟ್ಟ ಸ್ಥಿತಿಯನ್ನು ಮಾತ್ರ ವಾಪಸ್ ಕೊಡುತ್ತದೆ. ಲಿಸನರ್ ಎರಡರಲ್ಲೂ ಇರಲಿಲ್ಲ, ಹೋಯಿತು. ಸರಿಯಾದ ದಾರಿ ಹೀಗಿದೆ: ಗಿರಾಕಿಯ ಐಡಿ ಆರ್ಗ್ಯುಮೆಂಟ್ಸ್ ಮೂಲಕ ಒಳಗೆ ಹೋಗಬೇಕು, ಉತ್ತರ ಫ್ರಾಗ್ಮೆಂಟ್ ರಿಸಲ್ಟ್ ಎಪಿಐ ಅನ್ನುವ ಸಿದ್ಧ ವ್ಯವಸ್ಥೆಯ ಮೂಲಕ ಹೊರಗೆ ಬರಬೇಕು. ಆಗ ಹೊಸದಾಗಿ ಹುಟ್ಟಿದ ಪರದೆಗೂ ಉತ್ತರ ತಲುಪುತ್ತದೆ. ಈಗ ಒತ್ತಿದೆ, ಅಳಿಸಿತು.

ಮುಂದಿನದು ಅಂಗಡಿಯಲ್ಲಿ ಆಗುತ್ತಿದ್ದ ಕ್ರ್ಯಾಶ್. ಆ್ಯಪ್ ಸರ್ವರ್‌ಗೆ ಲೆಕ್ಕ ಕಳುಹಿಸುತ್ತದೆ, ಉತ್ತರ ಬಂದ ಮೇಲೆ ‘ಉಳಿಸಲಾಗಿದೆ’ ಅಂತ ಡೈಲಾಗ್ ತೋರಿಸುತ್ತದೆ. ಆ ಮಧ್ಯದಲ್ಲಿ ವಾಟ್ಸ್ಆ್ಯಪ್ ನೋಡಲು ಹೊರಗೆ ಹೋದರೆ? ಉತ್ತರ ಬರುವ ಹೊತ್ತಿಗೆ ಪರದೆ ತನ್ನ ಸ್ಥಿತಿಯನ್ನು ಉಳಿಸಿ ಹಿಂದೆ ಸರಿದಿರುತ್ತದೆ. ಆಗ ಫ್ರಾಗ್ಮೆಂಟ್ ಹಾಕಲು ಹೋದರೆ ‘ಇಲ್ಲೀಗಲ್ ಸ್ಟೇಟ್ ಎಕ್ಸೆಪ್ಷನ್’. ಇದಕ್ಕೆ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ಉತ್ತರ ‘ಕಮಿಟ್ ಅಲೋಯಿಂಗ್ ಸ್ಟೇಟ್ ಲಾಸ್’. ಕ್ರ್ಯಾಶ್ ನಿಲ್ಲುತ್ತದೆ, ನಿಜ. ಆದರೆ ಹೆಸರೇ ಹೇಳುವಂತೆ ಡೈಲಾಗ್ ಕಳೆದುಹೋದರೂ ಪರವಾಗಿಲ್ಲ ಅಂತ ನಾವು ಸಹಿ ಹಾಕಿದ ಹಾಗೆ. ದುಡ್ಡಿನ ವಿಷಯದಲ್ಲಿ ನನಗದು ಒಪ್ಪಿಗೆ ಇಲ್ಲ. ಡೈಲಾಗ್ ತೋರಿಸಬೇಕು ಅನ್ನುವ ಸುದ್ದಿಯನ್ನು ವ್ಯೂಮಾಡೆಲ್‌ನಲ್ಲಿ, ಅಂದರೆ ಪರದೆ ತಿರುಗಿದರೂ ಉಳಿಯುವ ಜಾಗದಲ್ಲಿ, ಇಟ್ಟೆ. ಪರದೆ ಮತ್ತೆ ಮುಂದೆ ಬಂದಾಗ ಅದನ್ನು ತಾನೇ ಓದಿಕೊಂಡು ತೋರಿಸುತ್ತದೆ.

ಇದನ್ನೆಲ್ಲ ಪರೀಕ್ಷೆ ಮಾಡಲು ಅದೃಷ್ಟಕ್ಕೆ ಕಾಯಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅದರ ಒಳಗೆ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಅಂತ ಒಂದಿದೆ. ಆನ್ ಮಾಡಿದರೆ ನೀವು ಪರದೆ ಬಿಟ್ಟು ಹೋದ ತಕ್ಷಣ ಸಿಸ್ಟಮ್ ಅದನ್ನು ಕೆಡವುತ್ತದೆ. ನಮ್ಮ ಟೇಬಲ್ ಮೇಲಿನ ಫೋನ್‌ಗೆ ಮೆಮೊರಿ ಧಾರಾಳ, ಕಡಿಮೆ ಬೆಲೆಯ ಫೋನಿನ ಪಾಡು ನಮಗೆ ಕಾಣುವುದು ಹೀಗೆ ಮಾಡಿದಾಗಲೇ. ಆದರೆ ಕೆಲಸ ಮುಗಿದ ಮೇಲೆ ಆಫ್ ಮಾಡಿ, ಇಲ್ಲದಿದ್ದರೆ ಫೋನಿನ ಬೇರೆ ಆ್ಯಪ್‌ಗಳೂ ವಿಚಿತ್ರವಾಗಿ ಆಡುತ್ತವೆ.

ಫ್ಲಟರ್ (ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಬರೆಯುವ ಸಾಧನ) ಬಳಸುವವರು ಈಗ ಒಳಗೊಳಗೇ ನಗುತ್ತಿರಬಹುದು. ನಗಬೇಡಿ! ಅವೇಟ್, ಅಂದರೆ ಉತ್ತರಕ್ಕೆ ಕಾಯುವುದು, ಆದ ಮೇಲೆ ಕಾಂಟೆಕ್ಸ್ಟ್ ಇನ್ನೂ ಮೌಂಟೆಡ್ ಇದೆಯಾ, ಪರದೆಗೆ ಅಂಟಿಕೊಂಡಿದೆಯಾ ಅಂತ ನೋಡದೆ ಶೋಡೈಲಾಗ್ ಕರೆದರೆ ಅಲ್ಲೂ ಇದೇ ಗತಿ. ಐಫೋನ್‌ನಲ್ಲಿ ‘ವ್ಯೂ ವಿಂಡೋ ಹೈರಾರ್ಕಿಯಲ್ಲಿ ಇಲ್ಲ’ ಅನ್ನುವ ಎಚ್ಚರಿಕೆಯೂ ಇದೇ ಜಾತಿಯದು.

ಈಗ ಸಣ್ಣಪುಟ್ಟವು. ಅರ್ಧ ಬಾಕಿ ಕೊಟ್ಟವರಿಗೆ ಮೊತ್ತ ಬರೆಯುವ ಡೈಲಾಗ್ ಇದೆ. ಮೊತ್ತ ಖಾಲಿ ಬಿಟ್ಟು ‘ಸರಿ’ ಒತ್ತಿದರೂ ಡೈಲಾಗ್ ಮುಚ್ಚಿಹೋಗುತ್ತದೆ, ಮತ್ತೆ ಮೊದಲಿಂದ ಶುರು ಮಾಡಬೇಕು. ‘ಸರಿ’ಯಂಥ ಪಾಸಿಟಿವ್ ಬಟನ್‌ನ ಸ್ವಭಾವವೇ ಅದು, ಒತ್ತಿದರೆ ಮುಚ್ಚುತ್ತದೆ. ಡೈಲಾಗ್ ಕಟ್ಟುವ ಬಿಲ್ಡರ್‌ನಲ್ಲಿ ಲಿಸನರ್ ಜಾಗಕ್ಕೆ ನಲ್ (ಏನೂ ಇಲ್ಲ) ಕೊಟ್ಟು, ಡೈಲಾಗ್ ತೆರೆದ ಮೇಲೆ ಆ ಬಟನ್ ಹಿಡಿದು ನಮ್ಮ ಕ್ಲಿಕ್ ಲಿಸನರ್ ಹಾಕಿದರೆ ಮುಚ್ಚುವ ಹಕ್ಕು ನಮ್ಮ ಕೈಗೆ ಬರುತ್ತದೆ. ಇನ್ನೊಂದು, ಸಂದೇಶ ಹಾಕುವ ಸೆಟ್ ಮೆಸೇಜ್ ಮತ್ತು ಪಟ್ಟಿ ಹಾಕುವ ಸೆಟ್ ಐಟಮ್ಸ್ ಎರಡನ್ನೂ ಒಟ್ಟಿಗೆ ಕೊಡಬೇಡಿ. ಎರಡಕ್ಕೂ ಬೇಕಿರುವುದು ಒಂದೇ ಜಾಗ, ಪಟ್ಟಿ ಕಾಣುವುದೇ ಇಲ್ಲ.

‘ಪೆಟ್ಟಿಗೆ ಬರುತ್ತೆ, ಒತ್ತೋಕೆ ಏನೂ ಇಲ್ಲ’ ಅಂತ ಹೇಳಿದ್ದು ಚಿಕ್ಕಪ್ಪ. ಮಧ್ಯಾಹ್ನ ಅಂಗಡಿಯಲ್ಲಿ ಅವರು ಕೂರುತ್ತಾರೆ, ಅವರ ಫೋನಿನಲ್ಲಿ ಅಕ್ಷರ ದೊಡ್ಡದು. 2023ರ ಆಂಡ್ರಾಯ್ಡ್ 14ರಿಂದ ಅಕ್ಷರದ ಗಾತ್ರವನ್ನು 200 ಪರ್ಸೆಂಟ್‌ವರೆಗೆ ಏರಿಸಬಹುದು. ಇಲ್ಲೂ ಹಾಗೇ ಮಾಡುತ್ತೇನೆ, ನೋಡಿ. ಬಟನ್‌ಗಳು ಪರದೆಯ ಕೆಳಗೆ ಜಾರಿಹೋದವು. ನಾನೇ ಬರೆದ ಲೇಔಟ್ ಅದು, ಸ್ಕ್ರೋಲ್ ವ್ಯೂ ಸೇರಿಸಿ, ಬಟನ್‌ಗಳನ್ನು ಅದರ ಹೊರಗೆ ಇಟ್ಟರೆ ಸರಿಹೋಗುತ್ತದೆ. ಕನ್ನಡಕ್ಕೆ ಇನ್ನೂ ಒಂದು ಕಾಟ ಇದೆ. ಬಟನ್‌ಗೆ ಎತ್ತರ ಕಟ್ಟಿಹಾಕಿದರೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ‘ರದ್ದು’ ಅನ್ನುವುದು ‘ರದು’ ಆಗಿ ಕಾಣುತ್ತದೆ. ಎಲಿಗಂಟ್ ಟೆಕ್ಸ್ಟ್ ಹೈಟ್ ಅನ್ನುವ ಆಯ್ಕೆ ಆಂಡ್ರಾಯ್ಡ್ 5.0ರಿಂದಲೇ ಇದೆ. ಆಂಡ್ರಾಯ್ಡ್ 15ಕ್ಕೆ ಟಾರ್ಗೆಟ್ ಮಾಡಿದ ಆ್ಯಪ್‌ಗಳಲ್ಲಿ ಅದು ತಾನಾಗಿಯೇ ಆನ್ ಇರುತ್ತದೆ. ಅದು ಅಕ್ಷರಕ್ಕೆ ಜಾಸ್ತಿ ಜಾಗ ಕೇಳುತ್ತದೆ, ಹಾಗಾಗಿ ಎತ್ತರವನ್ನು ‘ರ್‍ಯಾಪ್ ಕಂಟೆಂಟ್’ ಮಾಡಿ, ಅಂದರೆ ಒಳಗಿನ ಅಕ್ಷರಕ್ಕೆ ತಕ್ಕಂತೆ ಬೆಳೆಯಲು, ಬಿಟ್ಟುಬಿಡಿ. ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷೆ ಮಾಡುವವರಿಗೆ ಇದು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಕೊನೆಯದು ಬಾಕಿ ನೆನಪಿಸುವ ನೋಟಿಫಿಕೇಶನ್. ಅನುಮತಿ ಕೇಳುವ ಡೈಲಾಗ್ ಅಂಗಡಿಯ ಫೋನಿನಲ್ಲಿ ಬರುತ್ತಲೇ ಇಲ್ಲ. ಇಲ್ಲಿ ನನ್ನ ಕೋಡ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ, ಯಾಕೆಂದರೆ ಆ ಡೈಲಾಗಿನ ಯಜಮಾನ ಸಿಸ್ಟಮ್. 2022ರ ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಬಳಸುವವರ ಅನುಮತಿ ಬೇಕು. ಒಂದೇ ಅನುಮತಿಗೆ ಎರಡು ಸಲ ಬೇಡ ಅಂದರೆ ಇನ್ನು ಕೇಳಬೇಡ ಅಂತಲೇ ಅರ್ಥ, ಈ ನಿಯಮ ಆಂಡ್ರಾಯ್ಡ್ 11ರಿಂದ ಇದೆ. ಆಮೇಲೆ ನಾವು ಎಷ್ಟು ಕರೆದರೂ ಸಿಸ್ಟಮ್ ಡೈಲಾಗ್ ತೋರಿಸುವುದಿಲ್ಲ. ನಿಯಮ ಸರಿಯಾಗಿಯೇ ಇದೆ ಅನ್ನುವವನು ನಾನು. ಆ್ಯಪ್ ತೆರೆದ ಕೂಡಲೇ, ಅದು ಏನು ಮಾಡುತ್ತದೆ ಅಂತಲೇ ಗೊತ್ತಿಲ್ಲದಿರುವಾಗ ಅನುಮತಿ ಕೇಳಿದರೆ ಯಾರಾದರೂ ಬೇಡ ಅಂತಲೇ ಒತ್ತುತ್ತಾರೆ, ಅಲ್ವಾ?

ಹಾಗಾಗಿ ಆ ಪ್ರಶ್ನೆಯನ್ನು ಮೊದಲ ಪರದೆಯಿಂದ ತೆಗೆದು, ಮೊದಲ ರಿಮೈಂಡರ್ ಇಡುವ ಜಾಗಕ್ಕೆ ತಂದಿದ್ದೇನೆ. ಈಗಾಗಲೇ ಬೇಡ ಅಂದವರಿಗೆ ಸೆಟ್ಟಿಂಗ್ಸ್‌ಗೆ ನೇರ ಹೋಗುವ ಒಂದು ಬಟನ್ ಇಟ್ಟಿದ್ದೇನೆ. ಹೊಸ ಬಿಲ್ಡ್ ಇವತ್ತು ರಾತ್ರಿ ತಿಪಟೂರಿಗೆ ಹೋಗುತ್ತದೆ. ಆ ಬಟನ್ ಎಲ್ಲಿದೆ ಅಂತ ನಾನು ಫೋನ್ ಮಾಡಿ ಹೇಳುವುದಿಲ್ಲ. ಅವರೇ ಹುಡುಕಿಕೊಳ್ಳುತ್ತಾರಾ ನೋಡೋಣ, ಹುಡುಕದಿದ್ದರೆ ಅದರ ಜಾಗ ಬದಲಿಸುವ ಕೆಲಸ ಮುಂದಿನ ವಾರ.