ಬೇಲಿನೊಳಗಿನ ಬೆಂಕಿ

ಕೇಳುಗರೆ, ನಮಸ್ಕಾರ. ಪ್ರತಿವರ್ಷ ಏಪ್ರಿಲ್ 14ರಿಂದ ದೇಶದ ತುಂಬ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹದ ಮೂಲ ಮುಂಬೈ ಬಂದರಿನಲ್ಲಿದೆ. ಬಂದರಿನ ಸುದ್ದಿ ರಾಯಚೂರಿನವರಿಗೆ ಯಾಕೆ ಅನ್ನಬೇಡಿ. ಅಲ್ಲಿ ಮೊದಲು ಹೊತ್ತಿದ್ದು ಮದ್ದುಗುಂಡಲ್ಲ, ಹತ್ತಿ ಬೇಲು, ಅಂದರೆ ಒತ್ತಿ ಬಿಗಿದು ಕಟ್ಟಿದ ಹತ್ತಿಯ ಮೂಟೆ.

1944, ಯುದ್ಧಕಾಲ. ಫೋರ್ಟ್ ಸ್ಟಿಕೀನ್ ಎಂಬ ಹಡಗು ಸುಮಾರು 1,400 ಟನ್ ಸ್ಫೋಟಕ ಹೇರಿಕೊಂಡು ಇಂಗ್ಲೆಂಡಿನಿಂದ ಹೊರಟಿತ್ತು. ದಾರಿಯಲ್ಲಿ ಕರಾಚಿಯಲ್ಲಿ ಅದಕ್ಕೆ ಹತ್ತಿರ ಹತ್ತಿರ 8,700 ಹತ್ತಿ ಬೇಲು ತುಂಬಿದರು. ಎರಡನೇ ಉಗ್ರಾಣದಲ್ಲಿ ಕೆಳಗೆ ಹತ್ತಿ, ಮೇಲಿನ ಅಂತಸ್ತಿನಲ್ಲಿ ಸ್ಫೋಟಕ. ಯುದ್ಧದ ಅವಸರವಿಲ್ಲದಿದ್ದರೆ ಯಾರೂ ಹೀಗೆ ಜೋಡಿಸುತ್ತಿರಲಿಲ್ಲ.

ಏಪ್ರಿಲ್ 14ರ ಮಧ್ಯಾಹ್ನ ಎರಡರ ಸುಮಾರಿಗೆ, ಮುಂಬೈ ಬಂದರಿನ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಹಡಗಿನಿಂದ ಹೊಗೆ ಕಾಣಿಸಿತು. 900 ಟನ್ನಿಗೂ ಮಿಕ್ಕಿ ನೀರು ಸುರಿದರು. ಒಳಗೆ ನೀರೇ ಕುದಿಯತೊಡಗಿತು, ಬೆಂಕಿ ಮಾತ್ರ ಆರಲಿಲ್ಲ. ಯಾಕೆ? ಒತ್ತುವ ಯಂತ್ರವಾದ ಪ್ರೆಸ್ಸಿನಲ್ಲಿ ಬಿಗಿದು ಪಟ್ಟಿ ಹಾಕಿದ ಬೇಲಿನ ಮೈಮೇಲೆ ನೀರು ಜಾರಿಹೋಗುತ್ತದೆ. ಎಳೆಗಳ ನಡುವೆ ಸಿಕ್ಕ ಗಾಳಿಯನ್ನೇ ತಿಂದುಕೊಂಡು ಕಿಡಿ ಒಳಗೊಳಗೇ ಸರಿಯುತ್ತದೆ. ಅಷ್ಟೇ ಅಲ್ಲ, ನೀರು ಏರಿದಂತೆ ಉರಿಯುವ ಬೇಲುಗಳು ತೇಲಿ ಸ್ಫೋಟಕದ ಹತ್ತಿರಕ್ಕೇ ಬಂದವು. 4:06ಕ್ಕೆ ಹಡಗು ಸಿಡಿಯಿತು, 4:34ಕ್ಕೆ ಇನ್ನೊಂದು ಸಿಡಿತ. ಸುಮಾರು 1,400 ಕಿಲೋಮೀಟರ್ ದೂರದ ಶಿಮ್ಲಾದ ಭೂಕಂಪಮಾಪಕವೂ ಅದನ್ನು ದಾಖಲಿಸಿತು. ಸತ್ತ ನೂರಾರು ಜನರಲ್ಲಿ 66 ಮಂದಿ ಅಗ್ನಿಶಾಮಕದವರು.

ಹತ್ತಿಯಿಂದ ಬೀಜ ಬೇರ್ಪಡಿಸುವ ನಮ್ಮ ಜಿನ್ನಿಂಗ್ ಮಿಲ್ಲುಗಳಲ್ಲಿ ಸ್ಫೋಟಕವಿಲ್ಲ, ಆದರೆ ಬೇಲಿನ ಗುಣ ಅದೇ. ಹತ್ತಿಯ ಜೊತೆ ಬಂದ ಕಲ್ಲು, ಮೊಳೆ, ತಂತಿ ತುಂಡು ಜಿನ್ ಯಂತ್ರಕ್ಕೆ ತಾಗಿ ಕಿಡಿ ಹಾರುತ್ತದೆ. ಆ ಕಿಡಿ ಪ್ರೆಸ್ಸಿನೊಳಗೆ ಹೋದರೆ ಬೇಲಿನ ಹೊಟ್ಟೆಯಲ್ಲಿ ದಿನಗಟ್ಟಲೆ ಕುಳಿತು ಗೋದಾಮಿನಲ್ಲಿ ಹೊಗೆಯಾಡುತ್ತದೆ. ಹೀಗಾಗಿ ಹತ್ತಿ ಒಳಹೋಗುವ ದಾರಿಯಲ್ಲಿ ಆಯಸ್ಕಾಂತ ಇಡಬೇಕು, ಅದಕ್ಕೆ ಅಂಟಿದ ಕಬ್ಬಿಣವನ್ನು ಪಾಳಿಗೊಮ್ಮೆ ತೆಗೆಯಬೇಕು. ಎಷ್ಟೋ ಕಡೆ ಆಯಸ್ಕಾಂತ ಇರುತ್ತದೆ, ಒರೆಸುವವರಿರುವುದಿಲ್ಲ. ಎಣ್ಣೆ ಕುಡಿದ ಹತ್ತಿ, ಚಿಂದಿಗಳನ್ನು ಬೇಲಿನ ಹತ್ತಿರ ರಾಶಿ ಹಾಕಬೇಡಿ. ಅವು ತಾವಾಗಿಯೇ ಬಿಸಿಯೇರುತ್ತವೆ.

ಸುಟ್ಟ ವಾಸನೆ ಬಂದರೆ ಮೊದಲು 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಥಪ್ಪಿಯ, ಅಂದರೆ ಒಂದರ ಮೇಲೊಂದು ಜೋಡಿಸಿದ ಬೇಲುಗಳ, ಮೇಲೆ ನೀರು ಹೊಡೆದು ಸುಮ್ಮನಾಗಬೇಡಿ. ಹೊಗೆಯಾಡುವ ಬೇಲನ್ನು ಬಯಲಿಗೆ ಸಾಗಿಸಬೇಕು. ಪಟ್ಟಿಯನ್ನು ಗೋದಾಮಿನೊಳಗೆ ಕತ್ತರಿಸಿದರೆ ಗಾಳಿ ಸಿಕ್ಕು ಭಗ್ಗನೆ ಹೊತ್ತುತ್ತದೆ. ಹೊರಗೆ, ನೀರಿನ ಪೈಪು ಕೈಯಲ್ಲಿದ್ದಾಗ ಮಾತ್ರ ಕತ್ತರಿಸಿ, ಪದರ ಪದರವಾಗಿ ಬಿಡಿಸಿ ನೆನೆಸಬೇಕು. ನೀರಿಗೆ ಸ್ವಲ್ಪ ಸೋಪಿನ ಪುಡಿ ಬೆರೆಸಿದರೆ ಎಳೆಯೊಳಕ್ಕೆ ಇಳಿಯುತ್ತದೆ. ಪಕ್ಕದಲ್ಲಿದ್ದ ಬೇಲುಗಳನ್ನು ಅಂದೇ ಥಪ್ಪಿಗೆ ಸೇರಿಸದೆ, ಕೆಲವು ದಿನ ಬೇರೆ ಇಟ್ಟು ಆಗಾಗ ಮುಟ್ಟಿ, ಮೂಸಿ ನೋಡಿ.